ನಾಲ್ಕು ಪೋರ್ಟಿನ ಕಾರ್ಡೋ, ಒಂದು ಪೋರ್ಟು ಮತ್ತು ಸ್ವಿಚ್ಚೋ: ಮನೆಯ ಜಾಲದಲ್ಲಿ ಎರಡನ್ನೂ ಬಳಸಿ ಕಂಡದ್ದು

ನಮ್ಮದು ಬೆಂಗಳೂರಿನಲ್ಲಿ ಎರಡು ಅಂತಸ್ತಿನ ಮನೆ. ಕೆಳಗೆ ನಾವಿದ್ದೇವೆ, ಮೇಲೆ ಅಣ್ಣನ ಸಂಸಾರವಿದೆ. ಇಂಟರ್ನೆಟ್ ಸಂಪರ್ಕ ಮಾತ್ರ ಒಂದೇ. ಮನೆಯವರ ಫೋನು, ಲ್ಯಾಪ್‌ಟಾಪುಗಳು ಒಂದು ಜಾಲದಲ್ಲಿ, ಕ್ಯಾಮೆರಾ ಮತ್ತು ಟಿವಿ ಇನ್ನೊಂದರಲ್ಲಿ, ಬಂದುಹೋಗುವವರ ವೈಫೈ ಮೂರನೆಯದರಲ್ಲಿ ಇರಬೇಕು, ಅನುಮತಿಯಿಲ್ಲದೆ ಒಂದರಿಂದ ಇನ್ನೊಂದಕ್ಕೆ ಏನೂ ದಾಟಬಾರದು ಎಂಬುದು ನನ್ನ ಅಪೇಕ್ಷೆಯಾಗಿತ್ತು. ಇದಕ್ಕಾಗಿ ಕಚೇರಿಯೊಂದರಿಂದ ಹೊರಬಂದ, ಐ5-6500 ಪ್ರೊಸೆಸರಿನ ಹಳೆಯ ಡೆಸ್ಕ್‌ಟಾಪಿಗೆ ಓಪಿಎನ್‌ಸೆನ್ಸ್ ಎಂಬ ರೂಟರ್ ಮತ್ತು ಫೈರ್‌ವಾಲ್ (ಜಾಲಗಳ ನಡುವಿನ ಕಾವಲು) ತಂತ್ರಾಂಶ ಹಾಕಿ ಅದನ್ನೇ ರೂಟರ್ ಮಾಡಿಕೊಂಡೆ. ಮದರ್‌ಬೋರ್ಡಿನಲ್ಲಿದ್ದದ್ದು ಒಂದೇ ನೆಟ್‌ವರ್ಕ್ ಪೋರ್ಟು. ಮುಂದೇನು ಎಂಬ ಪ್ರಶ್ನೆಗೆ ಎರಡು ಉತ್ತರಗಳಿದ್ದವು: ನಾಲ್ಕು ಪೋರ್ಟುಗಳ ಕಾರ್ಡೊಂದನ್ನು ಸೇರಿಸುವುದು, ಇಲ್ಲವೇ ಇರುವ ಒಂದೇ ಪೋರ್ಟನ್ನು ಇಟ್ಟುಕೊಂಡು ವಿ-ಲ್ಯಾನ್ (ಒಂದೇ ತಂತಿಯ ಮೇಲೆ ಹಲವು ಜಾಲಗಳನ್ನು ಬೇರೆಬೇರೆಯಾಗಿ ಸಾಗಿಸುವ ವಿಧಾನ) ಬಲ್ಲ ಸ್ವಿಚ್, ಅಂದರೆ ಜಾಲದ ತಂತಿಗಳನ್ನು ಕೂಡಿಸುವ ಪೆಟ್ಟಿಗೆ, ತರುವುದು. ಎರಡನ್ನೂ ತಿಂಗಳುಗಟ್ಟಲೆ ಬಳಸಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಮೊದಲು ಕಾರ್ಡಿನ ವಿಚಾರ. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಸರ್ವರಿನಿಂದ ತೆಗೆದ ಇಂಟೆಲ್ ಐ350-ಟಿ4 ಕಾರ್ಡು ಸಿಕ್ಕಿತು. ನಾಲ್ಕು ಗಿಗಾಬಿಟ್ ಪೋರ್ಟುಗಳ ಈ ಕಾರ್ಡಿಗೆ ನಾಲ್ಕು ಲೇನುಗಳ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಬೇಕು. ಗ್ರಾಫಿಕ್ಸ್ ಕಾರ್ಡಿಗೆಂದು ಇರುವ ಉದ್ದನೆಯ ಸ್ಲಾಟಿನಲ್ಲೂ ಅದು ಸರಿಯಾಗಿ ಕೂರುತ್ತದೆ. ಕೊಳ್ಳುವವರು ಹಿಂಬದಿಯ ತಗಡಿನ ಪಟ್ಟಿಯ ಎತ್ತರವನ್ನು ನೋಡಿಯೇ ಕೊಳ್ಳಬೇಕು, ಏಕೆಂದರೆ ತೆಳುವಾದ ಡೆಸ್ಕ್‌ಟಾಪಿಗೆ ಬೇಕಾಗುವುದು ಗಿಡ್ಡ ಪಟ್ಟಿ. ಈ ಮಾದರಿಯ ನಕಲಿ ಕಾರ್ಡುಗಳು ಮಾರುಕಟ್ಟೆಯಲ್ಲಿ ಬಹಳವಿವೆ. ನಾನು ಆನ್‌ಲೈನಿನಲ್ಲಿ ಮೊದಲು ತರಿಸಿದ ಕಾರ್ಡಿನ ಒಂದು ಪೋರ್ಟು, ಹೆಚ್ಚು ಹೊತ್ತು ಕೆಲಸ ಮಾಡಿದೊಡನೆ ಸಂಪರ್ಕ ಕಡಿದುಕೊಳ್ಳುತ್ತಿತ್ತು. ಆದ್ದರಿಂದ ಹೊಚ್ಚಹೊಸದೆಂದು ಅಗ್ಗವಾಗಿ ಮಾರುವ ಕಾರ್ಡಿಗಿಂತ, ಸರ್ವರ್ ಕಂಪನಿಯ ಗುರುತಿರುವ ಹಳೆಯ ಕಾರ್ಡೇ ನಂಬಿಕೆಗೆ ಯೋಗ್ಯವೆಂದು ನನ್ನ ಅಭಿಪ್ರಾಯ.

ಕಾರ್ಡು ಕೈಗೆ ಬಂದ ಕೂಡಲೇ ಬಹುತೇಕರಿಗೆ ತೋಚುವ ಉಪಾಯವೇ ನನಗೂ ತೋಚಿತು: ನಾಲ್ಕು ಪೋರ್ಟುಗಳಿರುವಾಗ ಬೇರೆ ಸ್ವಿಚ್ ಏಕೆ ಬೇಕು? ಮೂರು ಪೋರ್ಟುಗಳನ್ನು ಬ್ರಿಡ್ಜ್ ಆಗಿ, ಅಂದರೆ ತಂತ್ರಾಂಶದಲ್ಲೇ ಒಂದು ಸ್ವಿಚ್ಚಿನಂತೆ, ಬೆಸೆದು ಕಂಪ್ಯೂಟರ್, ಟಿವಿ ಮತ್ತು ನ್ಯಾಸ್ ಪೆಟ್ಟಿಗೆಯನ್ನು (ಕಡತಗಳನ್ನು ಇಟ್ಟು ಜಾಲದ ಮೂಲಕ ಹಂಚುವ ಯಂತ್ರವನ್ನು) ನೇರವಾಗಿ ರೂಟರಿಗೇ ಜೋಡಿಸಿದೆ. ವೇಗದಲ್ಲಿ ಕೊರತೆ ಕಾಣಲಿಲ್ಲ. ಜಾಲದ ವೇಗ ಅಳೆಯುವ ಐಪರ್ಫ್ ಪರೀಕ್ಷೆಯಲ್ಲಿ ಗಿಗಾಬಿಟ್ ಈಥರ್ನೆಟ್ ಕೊಡಬಲ್ಲ ಸುಮಾರು 940 ಮೆಗಾಬಿಟ್ ಪೂರ್ತಿಯಾಗಿಯೇ ಬಂತು. ಆದರೆ ಸ್ವಿಚ್ಚಿನಲ್ಲಿ ಪ್ಯಾಕೆಟ್ಟನ್ನು (ಮಾಹಿತಿಯ ತುಣುಕನ್ನು) ಒಂದು ಪೋರ್ಟಿನಿಂದ ಇನ್ನೊಂದಕ್ಕೆ ದಾಟಿಸುವುದು ಅದಕ್ಕೆಂದೇ ಮಾಡಿದ ಚಿಪ್ಪಾದರೆ, ಬ್ರಿಡ್ಜಿನಲ್ಲಿ ಆ ಕೆಲಸವೆಲ್ಲ ಪ್ರೊಸೆಸರಿನ ಮೇಲೆ ಬೀಳುತ್ತದೆ. ನ್ಯಾಸ್‌ಗೆ ಬ್ಯಾಕಪ್ ಹೋಗುವಾಗ ರೂಟರಿನ ಫ್ಯಾನಿನ ಸದ್ದೇ ಅದನ್ನು ಹೇಳುತ್ತಿತ್ತು. ಫೈರ್‌ವಾಲ್ ನಿಯಮಗಳು ಬಿಡಿ ಪೋರ್ಟುಗಳ ಬದಲು ಬ್ರಿಡ್ಜಿಗೆ ಅನ್ವಯವಾಗಬೇಕಾದರೆ ಎರಡು ಆಂತರಿಕ ಸೆಟ್ಟಿಂಗುಗಳನ್ನು ಬದಲಿಸಬೇಕಾಯಿತು. ಇವೆಲ್ಲಕ್ಕಿಂತ ದೊಡ್ಡ ತೊಂದರೆ ಮೊದಲ ಅಪ್‌ಡೇಟಿನ ರಾತ್ರಿ ಗೊತ್ತಾಯಿತು. ರೂಟರ್ ಮರುಪ್ರಾರಂಭವಾಗುತ್ತಿದ್ದಷ್ಟು ಹೊತ್ತೂ ಇಂಟರ್ನೆಟ್ಟಿನ ಗೊಡವೆಯೇ ಇಲ್ಲದೆ ನ್ಯಾಸ್‌ನಿಂದ ಟಿವಿಗೆ ಹೋಗುತ್ತಿದ್ದ ಚಿತ್ರವೂ ನಿಂತುಹೋಯಿತು. ಹತ್ತು ವರ್ಷ ಕದಲದೆ ನಡೆಯಬಲ್ಲ ಪುಟ್ಟ ಸ್ವಿಚ್ಚಿನ ಕೆಲಸವನ್ನು ಆಗಾಗ ನಿಲ್ಲಿಸಲೇಬೇಕಾದ ಯಂತ್ರಕ್ಕೆ ವಹಿಸಿದ್ದು ತಪ್ಪು. ಒಂದೇ ವಾರದಲ್ಲಿ ಬ್ರಿಡ್ಜನ್ನು ಕಿತ್ತುಹಾಕಿದೆ.

ಎರಡನೆಯ ವಿಧಾನದಲ್ಲಿ ಪ್ರತಿ ಪೋರ್ಟನ್ನೂ ಒಂದೊಂದು ಜಾಲಕ್ಕೆ ಮೀಸಲಿಟ್ಟೆ: ಮೊದಲನೆಯದು ಇಂಟರ್ನೆಟ್ ತರುವ ಫೈಬರ್ ಪೆಟ್ಟಿಗೆಗೆ, ಎರಡನೆಯದು ಮನೆಯ ಜಾಲಕ್ಕೆ, ಮೂರನೆಯದು ಕ್ಯಾಮೆರಾ ಮತ್ತು ಟಿವಿಗೆ, ನಾಲ್ಕನೆಯದು ಅತಿಥಿಗಳ ವೈಫೈಗೆ. ಅಗತ್ಯವಿದ್ದಲ್ಲಿ ಪೋರ್ಟಿನ ತುದಿಗೆ ಯಾವ ಸೆಟ್ಟಿಂಗೂ ಬೇಡದ ಸಾಧಾರಣ ಸ್ವಿಚ್ ಇಟ್ಟೆ. ಬಹುಪೋರ್ಟ್ ಕಾರ್ಡು ನಿಜವಾಗಿ ಹುಟ್ಟಿರುವುದೇ ಈ ಬಗೆಯ ಕೆಲಸಕ್ಕೆ. ವ್ಯವಸ್ಥೆಗೆ ಅದು ಒಂದು ಕಾರ್ಡಾಗಿ ಕಾಣುವುದಿಲ್ಲ. ಐಜಿಬಿ0ರಿಂದ ಐಜಿಬಿ3ರವರೆಗೆ ನಾಲ್ಕು ಸ್ವತಂತ್ರ ಸಾಧನಗಳಾಗಿ ಕಾಣುತ್ತದೆ. ಜಾಲಗಳು ಇಲ್ಲಿ ತಂತಿಯಿಂದಲೇ ಬೇರೆಯಾಗಿರುವುದರಿಂದ, ಕೇಬಲ್ಲಿನ ಬಣ್ಣ ನೋಡಿದರೆ ಯಾವುದು ಯಾವ ಜಾಲವೆಂದು ಮನೆಯ ಯಾರಿಗಾದರೂ ತಿಳಿಯುತ್ತದೆ. ನಾನು ಊರಲ್ಲಿಲ್ಲದಾಗ ಏನಾದರೂ ಕೆಟ್ಟರೆ, ‘ಹಳದಿ ತಂತಿ ತೆಗೆದು ಮತ್ತೆ ಹಾಕಿ’ ಎಂದು ಫೋನಿನಲ್ಲಿ ಹೇಳಿದರೆ ಸಾಕಾಗುತ್ತಿತ್ತು. ವಿದ್ಯುತ್ತಿನ ಲೆಕ್ಕ ಹೇಳುವುದಾದರೆ, ಕಾರ್ಡು ಸೇರಿದ ಮೇಲೆ ನನ್ನ ಮೀಟರಿನಲ್ಲಿ ಸುಮಾರು 6 ವ್ಯಾಟ್ ಏರಿತು. ಹಗಲಿರುಳು ನಡೆದರೆ ಅದು ವರ್ಷಕ್ಕೆ ಸುಮಾರು 52 ಯೂನಿಟ್.

ಈ ವಿಧಾನವನ್ನು ಸೋಲಿಸಿದ್ದು ಗೋಡೆಯೊಳಗಿನ ಪೈಪು. ಮೇಲಂತಸ್ತಿಗೆ ಹೋಗುವ ಪೈಪಿನಲ್ಲಿ ವಿದ್ಯುತ್ ಕೆಲಸದವರು ಮನೆ ಕಟ್ಟುವಾಗ ಎಳೆದಿದ್ದ ಒಂದೇ ಒಂದು ಕೇಬಲ್ ಇದೆ, ಇನ್ನೊಂದು ಹಿಡಿಸುವುದಿಲ್ಲ. ಅಣ್ಣನ ಮನೆಗೂ ಮೂರು ಜಾಲಗಳು ತಲುಪಬೇಕಾದರೆ ಮೂರು ಕೇಬಲ್ ಬೇಕು. ಕಾರ್ಡಿನಲ್ಲಿ ಎಷ್ಟು ಪೋರ್ಟುಗಳಿದ್ದರೂ ಗೋಡೆ ಒಪ್ಪದಿದ್ದರೆ ಅವು ವ್ಯರ್ಥ.

ಹಾಗಾಗಿ ಮೂರನೆಯ ವಿಧಾನಕ್ಕೆ ಬಂದೆ. ಕಾರ್ಡನ್ನು ಹೊರತೆಗೆದು, ಮದರ್‌ಬೋರ್ಡಿನ ಒಂದೇ ಪೋರ್ಟಿನಿಂದ ಎಂಟು ಪೋರ್ಟುಗಳ ಸ್ವಿಚ್ಚಿಗೆ ಒಂದು ಕೇಬಲ್ ಹಾಕಿ, ಫೈಬರ್ ಪೆಟ್ಟಿಗೆಯದೂ ಸೇರಿ ನಾಲ್ಕೂ ಜಾಲಗಳನ್ನು ಅದರ ಮೇಲೆಯೇ ಸಾಗಿಸಿದೆ. 802.1ಕ್ಯೂ ಎಂಬ ಮಾನದಂಡದಂತೆ ಪ್ರತಿ ಫ್ರೇಮಿಗೂ (ತಂತಿಯಲ್ಲಿ ಸಾಗುವ ಮಾಹಿತಿಯ ಕಟ್ಟಿಗೂ) ಅದು ಯಾವ ಜಾಲದ್ದೆಂಬ ಸಂಖ್ಯೆಯನ್ನು ಅಂಟಿಸಲಾಗುತ್ತದೆ, ಇಂಥ 4094 ಜಾಲಗಳವರೆಗೆ ಒಂದೇ ತಂತಿಯಲ್ಲಿ ಹೋಗಬಹುದು. ಮೇಲಂತಸ್ತಿನಲ್ಲಿ ಇನ್ನೊಂದು ಅಂಥದೇ ಸ್ವಿಚ್ ಇಟ್ಟೊಡನೆ ಪೈಪಿನ ಸಮಸ್ಯೆ ಪೂರ್ತಿ ಬಗೆಹರಿಯಿತು. ಒಂದೇ ಪೋರ್ಟಿನಲ್ಲಿ ವೇಗ ಅರ್ಧವಾಗುತ್ತದೆ ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ಡೌನ್‌ಲೋಡ್ ಆಗುವ ಮಾಹಿತಿ ಆ ಪೋರ್ಟಿನ ಒಳಬರುವ ಹಾದಿಯಲ್ಲಿ ಬಂದು ಹೊರಹೋಗುವ ಹಾದಿಯಲ್ಲಿ ಹೋಗುತ್ತದೆ, ಎರಡೂ ಹಾದಿಗಳಲ್ಲಿ ತಲಾ ಒಂದು ಗಿಗಾಬಿಟ್ ಇದೆ. ಡೌನ್‌ಲೋಡ್, ಅಪ್‌ಲೋಡ್ ಮತ್ತು ಜಾಲದಿಂದ ಜಾಲಕ್ಕೆ ಹೋಗುವ ಮಾಹಿತಿ, ಇವು ಒಂದೇ ಹೊತ್ತಿಗೆ ಸೇರಿದಾಗ ಮಾತ್ರ ಇಕ್ಕಟ್ಟಾಗುತ್ತದೆ. ನಮ್ಮ 300 ಮೆಗಾಬಿಟ್ ಸಂಪರ್ಕದಲ್ಲಿ ಅದರ ಅರಿವೇ ಆಗಲಿಲ್ಲ.

ಆದರೆ ಒಂದು ಸಂಜೆ ಕರೆಂಟ್ ಹೋಗಿ ಬಂತು. ನಮ್ಮ ಇನ್ವರ್ಟರ್ ಯುಪಿಎಸ್ ಮೋಡಿನಲ್ಲಿ ಇರಲಿಲ್ಲ, ಆ ಕ್ಷಣದ ಅಂತರಕ್ಕೇ ಸ್ವಿಚ್ ಆರಿ ಹೊತ್ತಿಕೊಂಡಿತು. ಹಿಂದಿನ ದಿನ ಮಾಡಿದ್ದ ವಿ-ಲ್ಯಾನ್ ಸೆಟ್ಟಿಂಗನ್ನು ನಾನು ಶಾಶ್ವತ ಸ್ಮೃತಿಗೆ ಉಳಿಸಿರಲಿಲ್ಲ. ಆದ್ದರಿಂದ ಎಂಟೂ ಪೋರ್ಟುಗಳು ಒಂದೇ ಜಾಲಕ್ಕೆ ಮರಳಿದ್ದವು. ಅಂದರೆ ಫೈಬರ್ ಪೆಟ್ಟಿಗೆ, ಕ್ಯಾಮೆರಾ, ನ್ಯಾಸ್ ಎಲ್ಲವೂ ನಡುವೆ ಫೈರ್‌ವಾಲ್ ಇಲ್ಲದೆ ಒಂದೇ ಅಂಗಳದಲ್ಲಿ ನಿಂತಿದ್ದವು. ಹಾನಿಯೇನೂ ಆಗಲಿಲ್ಲ. ಆದರೂ ಇಂಟರ್ನೆಟ್ಟಿನ ಹೊರತುದಿ ಯಾವ ಕಾರಣಕ್ಕೂ ಮನೆಯೊಳಗಿನ ಸ್ವಿಚ್ಚಿನ ಮೇಲೆ ಬರಬಾರದೆಂದು ಅಂದೇ ನಿರ್ಧರಿಸಿದೆ. ಬೇರೆ ಪೋರ್ಟಿನ ಬೆಲೆ ನನಗೆ ಆಗ ಮನವರಿಕೆಯಾಯಿತು.

ಎರಡು ಪೋರ್ಟುಗಳನ್ನು ಬೆಸೆದು ವೇಗ ಹೆಚ್ಚಿಸುವ ಆಸೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಬಹುಪೋರ್ಟ್ ಕಾರ್ಡು ಕೊಳ್ಳುವವರಲ್ಲಿ ಅನೇಕರು ಅದಕ್ಕಾಗಿಯೇ ಕೊಳ್ಳುತ್ತಾರೆ. ನ್ಯಾಸ್‌ಗೆ ಎರಡು ಪೋರ್ಟಿನ ಕಾರ್ಡು ಹಾಕಿ 802.3ಎಡಿ ವಿಧಾನದಲ್ಲಿ ಸ್ವಿಚ್ಚಿಗೆ ಬೆಸೆದೆ. ಒಂದು ಕಂಪ್ಯೂಟರಿನಿಂದ ಕಡತ ನಕಲಿಸಿದಾಗ ವೇಗ ಸೆಕೆಂಡಿಗೆ 110 ಮೆಗಾಬೈಟಿನ ಆಸುಪಾಸಿನಲ್ಲೇ ಉಳಿಯಿತು. ಪ್ಯಾಕೆಟ್ಟುಗಳ ಕ್ರಮ ತಪ್ಪದಿರಲೆಂದು ಒಂದು ಸಂಪರ್ಕದ ಪ್ಯಾಕೆಟ್ಟುಗಳನ್ನೆಲ್ಲ ಒಂದೇ ತಂತಿಯಲ್ಲಿ ಕಳಿಸುವುದು ಈ ವಿಧಾನದ ನಿಯಮ. ಇಬ್ಬರು ಒಟ್ಟಿಗೆ ಬಳಸಿದಾಗ ಮಾತ್ರ, ಅದೂ ಇಬ್ಬರೂ ಬೇರೆ ಬೇರೆ ತಂತಿಗೆ ಹಂಚಿಕೆಯಾದರೆ, ಲಾಭವಿದೆ. ನಿಜವಾಗಿ ಇಮ್ಮಡಿ ವೇಗ ಕೊಟ್ಟದ್ದು ಬೆಸುಗೆಯಿಲ್ಲದ ದಾರಿ. ನ್ಯಾಸ್‌ನ ಕಡತಗಳನ್ನು ವಿಂಡೋಸ್‌ಗೆ ಹಂಚುವ ತಂತ್ರಾಂಶ ಸಾಂಬಾದಲ್ಲಿ, 2021ರಲ್ಲಿ ಬಂದ 4.15ನೆಯ ಆವೃತ್ತಿಯಿಂದ, ಹಲವು ತಂತಿಗಳನ್ನು ಒಟ್ಟಿಗೆ ಬಳಸುವ ಮಲ್ಟಿಚಾನೆಲ್ ಸೌಲಭ್ಯ ತಾನಾಗಿಯೇ ಚಾಲೂ ಇರುತ್ತದೆ. ಎರಡೂ ತುದಿಗಳಲ್ಲಿ ಎರಡೆರಡು ಪೋರ್ಟುಗಳಿಗೆ ಬೇರೆ ಬೇರೆ ಸಬ್‌ನೆಟ್ಟಿನ (ವಿಳಾಸಗಳ ಗುಂಪಿನ) ವಿಳಾಸ ಕೊಟ್ಟಾಗ ವಿಂಡೋಸ್ ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ಬಳಸಿಕೊಂಡಿತು. ಕೊನೆಗೆ ಹಳೆಯ ಎಕ್ಸ್520-ಡಿಎ2 ಕಾರ್ಡು ಎರಡನ್ನು ತಂದು, ನ್ಯಾಸ್ ಮತ್ತು ಕಂಪ್ಯೂಟರಿನ ನಡುವೆ 10 ಗಿಗಾಬಿಟ್ಟಿನ ನೇರ ತಾಮ್ರದ ಕೇಬಲ್ ಹಾಕಿದ ಮೇಲೆ ಆ ಕಸರತ್ತೂ ಬೇಡವಾಯಿತು. ಆ ಕಾರ್ಡು ಸರ್ವರಿನ ಬಿರುಸಾದ ಗಾಳಿಯನ್ನು ನಂಬಿ ಮಾಡಿದ್ದಾದ್ದರಿಂದ ಡೆಸ್ಕ್‌ಟಾಪಿನಲ್ಲಿ ಅದರ ಎದುರಿಗೆ ಚಿಕ್ಕ ಫ್ಯಾನ್ ಇಡಲೇಬೇಕು.

ಈಗ ಐ350 ಮತ್ತೆ ರೂಟರಿಗೆ ಮರಳಿದೆ, ಸ್ವಿಚ್ಚುಗಳೂ ಉಳಿದಿವೆ. ಮೊದಲ ಪೋರ್ಟು ಫೈಬರ್ ಪೆಟ್ಟಿಗೆಗೆ ಮಾತ್ರ. ಎರಡನೆಯದು ಮನೆ ಮತ್ತು ಅತಿಥಿಗಳ ಜಾಲಗಳನ್ನು ಸಂಖ್ಯೆ ಅಂಟಿಸಿ ಸ್ವಿಚ್ಚಿಗೆ ಒಯ್ಯುತ್ತದೆ, ಅಲ್ಲಿಂದ ಅವು ಪೈಪಿನ ಒಂಟಿ ಕೇಬಲ್ಲಿನಲ್ಲಿ ಮೇಲಕ್ಕೆ ಹೋಗುತ್ತವೆ. ಕ್ಯಾಮೆರಾ ಮತ್ತು ನಮ್ಮ ಟಿವಿ ಕೆಳಗೇ ಇರುವುದರಿಂದ ಅವಕ್ಕೆ ಮೂರನೆಯದು; ಮೇಲಿನ ಟಿವಿಯನ್ನು ಅಣ್ಣನ ಒಪ್ಪಿಗೆಯಿಂದ ಅತಿಥಿ ಜಾಲಕ್ಕೆ ಸೇರಿಸಿದ್ದೇನೆ. ನಾಲ್ಕನೆಯದಕ್ಕೆ ಯಾವ ವಿ-ಲ್ಯಾನೂ ಇಲ್ಲ, ಯಾವ ಸಾಧನವೂ ಇಲ್ಲ: ಸ್ವಿಚ್ಚಿನ ಸೆಟ್ಟಿಂಗ್ ಕೆಟ್ಟು ನಾನೇ ಹೊರಗುಳಿದರೆ, ಲ್ಯಾಪ್‌ಟಾಪಿನಿಂದ ನೇರವಾಗಿ ರೂಟರಿನೊಳಕ್ಕೆ ಹೋಗಲು ಅದನ್ನು ಖಾಲಿ ಬಿಟ್ಟಿದ್ದೇನೆ.