'ಲಿನಕ್ಸ್ ಲೈಸೆನ್ಸ್ ರಿನ್ಯೂವಲ್' ಅಂತ ರೊಕ್ಕ ಕೇಳಿದರೆ ಕೊಡುವ ಮುಂಚೆ ಇದನ್ನು ಓದಿ

ರಾಯಚೂರು, ಸಿಂಧನೂರು, ಮಾನ್ವಿ, ಲಿಂಗಸುಗೂರು ಕಡೆ ಆನ್‌ಲೈನ್ ಸೆಂಟರ್, ಝೆರಾಕ್ಸ್ ಅಂಗಡಿ, ಕಂಪ್ಯೂಟರ್ ಕ್ಲಾಸ್ ಇಟ್ಟುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾರಾದರೂ ಬಂದು "ವಿಂಡೋಸ್ ಬಂದ್ ಆಯ್ತು, ಒರಿಜಿನಲ್ ಲಿನಕ್ಸ್ ಹಾಕಿಕೊಡ್ತೀವಿ, ಲೈಸೆನ್ಸ್ ಇಷ್ಟು, ಆರು ತಿಂಗಳಿಗೊಮ್ಮೆ ರಿನ್ಯೂವಲ್ ಇಷ್ಟು" ಅಂದರೆ ಕೊಡಬೇಡಿ. ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್. ಅದರ ಬೇರೆ ಬೇರೆ ರೂಪಗಳಾದ ಲಿನಕ್ಸ್ ಮಿಂಟ್, ಉಬುಂಟು, ಡೆಬಿಯನ್ ಇವಕ್ಕೆಲ್ಲ ಕೀ ಅನ್ನೋದೇ ಇಲ್ಲ. ಅವಧಿ ಮುಗಿದು ನಿಂತುಹೋಗುವ ಲೈಸೆನ್ಸೂ ಇಲ್ಲ. ಅವರವರ ಸೈಟಿಗೆ ಹೋದರೆ ಪುಕ್ಕಟೆ ಸಿಗುತ್ತವೆ.

ನಮ್ಮ ಕಾಕಾ ರಾಯಚೂರಿನಲ್ಲಿ ಬಸ್ ಸ್ಟ್ಯಾಂಡ್ ಕಡೆ ಸಣ್ಣದೊಂದು ಆನ್‌ಲೈನ್ ಸೆಂಟರ್ ನಡೆಸುತ್ತಾರೆ. ನಾಲ್ಕು ಕಂಪ್ಯೂಟರ್, ಒಂದು ಝೆರಾಕ್ಸ್ ಮಷಿನ್, ಒಂದು ಹಳೆಯ ಸಣ್ಣ ಲೇಸರ್ ಪ್ರಿಂಟರ್. ಪಹಣಿ, ಜಾತಿ-ಆದಾಯ ಪತ್ರದ ಅರ್ಜಿ, ಸ್ಕಾಲರ್‌ಶಿಪ್, ಮೇ ಜೂನ್ ಬಂತಂದರೆ 371(ಜೆ) ಸರ್ಟಿಫಿಕೇಟಿಗೆ ಅರ್ಜಿ ಹಾಕುವ ಹುಡುಗರ ಸಾಲು. ಇಂಥ ಅಂಗಡಿಯಲ್ಲಿ ಕಂಪ್ಯೂಟರ್ ಒಂದು ಗಂಟೆ ನಿಂತರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ, ಅಷ್ಟೇ.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಎಂದಿನ ಅಪ್‌ಡೇಟ್ ನಿಲ್ಲಿಸಿತು. ಇದು ನಿಜ. ಕಾಕಾನ ಕಂಪ್ಯೂಟರ್‌ಗಳು ಹಳೆಯವು, ಅವುಗಳಿಗೆ ವಿಂಡೋಸ್ 11 ಹತ್ತೋದಿಲ್ಲ. ಇದೂ ನಿಜ. ಈ ಎರಡು ನಿಜಗಳ ಮೇಲೆ ಒಬ್ಬ ಕಂಪ್ಯೂಟರ್ ಅಂಗಡಿಯವನು ತನ್ನ ಸುಳ್ಳು ಕಟ್ಟಿದ. "ಕಾಕಾ, ಇನ್ನ ವಿಂಡೋಸ್ 10 ಇಟ್ಕೊಂಡ್ರೆ ಕೇಸ್ ಆಗ್ತೈತ್ರಿ" ಅಂದನಂತೆ. ಯಾವ ಕೇಸೂ ಆಗೋದಿಲ್ಲ. ಅಪ್‌ಡೇಟ್ ಬರೋದಿಲ್ಲ, ಹಾಗಾಗಿ ಅಪಾಯ ಜಾಸ್ತಿ, ಅಷ್ಟೇ. ಮನೆಬಳಕೆಯವರಿಗೆ ಇನ್ನೊಂದು ವರ್ಷ ಸೆಕ್ಯೂರಿಟಿ ಅಪ್‌ಡೇಟ್ ಪಡೆಯುವ ದಾರಿಯನ್ನೂ ಮೈಕ್ರೋಸಾಫ್ಟೇ ಇಟ್ಟಿತ್ತು. ಆ ಮಾತು ಅವನ ಬಾಯಿಂದ ಬರಲೇ ಇಲ್ಲ.

ಒಂದು ಕಂಪ್ಯೂಟರ್‌ಗೆ 2,800 ರೂಪಾಯಿಯಂತೆ ನಾಲ್ಕಕ್ಕೆ 11,200 ತಗೊಂಡ. ಬಿಲ್ಲಿನ ಮೇಲೆ ಪೆನ್ನಿನಲ್ಲಿ 'ಲಿನಕ್ಸ್ ಒರಿಜಿನಲ್ ಲೈಸೆನ್ಸ್, 4 ನಗ' ಅಂತ ಬರೆದಿದೆ. ಜಿಎಸ್‌ಟಿ ನಂಬರ್ ಇಲ್ಲ. ಆರು ತಿಂಗಳಿಗೊಮ್ಮೆ ಕಂಪ್ಯೂಟರ್‌ಗೆ 900 ರಿನ್ಯೂವಲ್ ಅಂತ ಬಾಯಿಮಾತಿನ ಒಪ್ಪಂದ ಬೇರೆ. ಪ್ರಿಂಟರ್ ಓಡಲಿಲ್ಲ ಅಂತ ಕರೆದರೆ "ಅದರ ಡ್ರೈವರ್ ಬೇರೆ, 600 ಆಗ್ತೈತ್ರಿ" ಅಂದ. ಅದನ್ನೂ ಕೊಟ್ಟರು. ಪ್ರಿಂಟರ್ ಎರಡು ದಿನ ಓಡಿ ಮತ್ತೆ ನಿಂತಿತು.

ನನಗೆ ಇದೆಲ್ಲ ಗೊತ್ತಾಗಿದ್ದು ರಿನ್ಯೂವಲ್ ಹೊತ್ತಿಗೆ. ಕಾಕಾ ಫೋನ್ ಮಾಡಿ "ತಮ್ಮಾ, ಕೀ ಮುಗಿದದಂತ, ಮಷಿನ್ ತಾನೇ ಬಂದ್ ಆಗಾಕ ಹತ್ತೇತಿ" ಅಂದರು. ಹೋಗಿ ನೋಡಿದೆ. ತೆರೆಯ ನಡುವೆ ಕೆಂಪು ಪೆಟ್ಟಿಗೆ, ಅದರಲ್ಲಿ ತಪ್ಪು ತಪ್ಪು ಇಂಗ್ಲಿಷಿನಲ್ಲಿ ನಿಮ್ಮ ಲಿನಕ್ಸ್ ಲೈಸೆನ್ಸ್ ಮುಗಿದಿದೆ, ಕೂಡಲೇ ಫೋನ್ ಮಾಡಿ ಅಂತ ಬರೆದು, ಕೆಳಗೆ ಅದೇ ಅಂಗಡಿಯವನ ಮೊಬೈಲ್ ನಂಬರ್. ಹತ್ತು ನಿಮಿಷಕ್ಕೆ ಕಂಪ್ಯೂಟರ್ ಶಟ್‌ಡೌನ್. ವಾಲ್‌ಪೇಪರ್ ಕೂಡ ಅವನ ಅಂಗಡಿಯದ್ದೇ, ಮೆನು ಗುಂಡಿಯ ಮೇಲೂ ಅವನದ್ದೇ ಲೋಗೋ. ನೋಡಿದವರಿಗೆ ಯಾವುದೋ ದೊಡ್ಡ ಕಂಪನಿಯ ಸಾಫ್ಟ್‌ವೇರ್ ಅನ್ನಿಸಬೇಕು, ಹಾಗಿತ್ತು.

ಆವೃತ್ತಿ ಯಾವುದು ಅಂತ ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಕೇಳಿದೆ. ಲಿನಕ್ಸ್ ಮಿಂಟ್ 19.3 ಅಂತ ಬಂತು. ಮಿಂಟ್ ಗೊತ್ತಿದ್ದವರಿಗೆ ಇಷ್ಟರಲ್ಲೇ ನಗು ಬರುತ್ತೆ, ಅಥವಾ ಸಿಟ್ಟು. 19.3 ಬಂದದ್ದು 2019ರ ಡಿಸೆಂಬರ್‌ನಲ್ಲಿ, ಅದರ ಅಪ್‌ಡೇಟ್ ನಿಂತದ್ದು 2023ರ ಏಪ್ರಿಲ್‌ನಲ್ಲಿ. ಅಂದರೆ ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿತು, ಅಪಾಯ ಅಂತ ಹೆದರಿಸಿ, ಅದಕ್ಕಿಂತ ಎರಡೂವರೆ ವರ್ಷ ಮೊದಲೇ ಅಪ್‌ಡೇಟ್ ನಿಂತಿದ್ದನ್ನು ತಂದು ಹಾಕಿದ್ದಾನೆ! ಆಗಲೇ ಮಿಂಟ್ 22 ಬಂದಿತ್ತು, 2024ರಲ್ಲಿ. ಅದಕ್ಕೆ 2029ರ ತನಕ ಅಪ್‌ಡೇಟ್ ಇದೆ, ಅದೂ ಪುಕ್ಕಟೆ. ಅವನ ಹತ್ತಿರ ಇದ್ದದ್ದು ಯಾವುದೋ ಹಳೆಯ ಪೆನ್‌ಡ್ರೈವ್, ಅದನ್ನೇ ಎಲ್ಲರಿಗೂ ಬಡಿಯುತ್ತಿದ್ದ ಅಂತ ಕಾಣುತ್ತೆ.

ಇನ್ನು ಆ ಕೆಂಪು ಪೆಟ್ಟಿಗೆ ಎಲ್ಲಿಂದ ಬರುತ್ತೆ ಅಂತ ಹುಡುಕಿದೆ. ಕಂಪ್ಯೂಟರ್ ಹಚ್ಚಿದ ಕೂಡಲೇ ತಾನಾಗಿ ಓಡುವವುಗಳ ಪಟ್ಟಿ ಇರುತ್ತಲ್ಲ, ಸ್ಟಾರ್ಟಪ್ ಅಪ್ಲಿಕೇಶನ್ಸ್, ಅದರಲ್ಲಿ 'ಸಿಸ್ಟಮ್ ಅಪ್‌ಡೇಟ್' ಅಂತ ಒಂದು ಹೆಸರು. ಅದು ತೋರಿಸುತ್ತಿದ್ದ ಫೈಲ್ ತೆಗೆದು ಓದಿದರೆ ಕೆಲವೇ ಸಾಲು. ಇವತ್ತಿನ ತಾರೀಕು ನೋಡು, ಇಂಥ ತಾರೀಕು ದಾಟಿದ್ದರೆ ಪೆಟ್ಟಿಗೆ ತೋರಿಸು, ಹತ್ತು ನಿಮಿಷ ಬಿಟ್ಟು ಬಂದ್ ಮಾಡು. ಮುಗೀತು. ಇದೇ ಅವನ 'ಲೈಸೆನ್ಸ್'. ಕೀ ಹಾಕ್ತೀನಿ ಅಂತ ಬಂದು ಅವನು ಮಾಡುವುದು ಆ ತಾರೀಕನ್ನು ಮುಂದಕ್ಕೆ ಹಾಕುವುದು, ಅದಕ್ಕೆ ನಾಲ್ಕು ಮಷಿನ್‌ಗೆ 3,600 ರೂಪಾಯಿ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ಸಿಕ್ಕಿತು. ಅಡ್ಮಿನ್ ಪಾಸ್‌ವರ್ಡ್ ಕಾಕಾನಿಗೆ ಕೊಟ್ಟೇ ಇರಲಿಲ್ಲ, ಅದು ಅವನ ಹತ್ತಿರ ಮಾತ್ರ. ಜೊತೆಗೆ ದೂರದಿಂದ ಕಂಪ್ಯೂಟರ್ ನಡೆಸುವ ಒಂದು ಸಾಫ್ಟ್‌ವೇರ್ ಹಿಂದೆ ಸದ್ದಿಲ್ಲದೆ ಓಡ್ತಾ ಇತ್ತು. ಈ ಕಡೆಯಿಂದ ಯಾರೂ ಒಪ್ಪಿಗೆ ಒತ್ತದೆಯೇ ಅವನು ಒಳಗೆ ಬರುವ ಹಾಗೆ ಸೆಟ್ ಮಾಡಿದ್ದ. ಆನ್‌ಲೈನ್ ಸೆಂಟರ್ ಕಂಪ್ಯೂಟರ್‌ನ ಡೌನ್‌ಲೋಡ್ಸ್ ಫೋಲ್ಡರ್ ತೆಗೆದು ನೋಡಿದ್ದೀರಾ ಯಾವತ್ತಾದರೂ? ಊರವರ ಆಧಾರ್, ಪಾಸ್‌ಬುಕ್, ಮಾರ್ಕ್ಸ್ ಕಾರ್ಡ್, ಫೋಟೋ, ಸಹಿ ಎಲ್ಲ ಅಲ್ಲೇ ಬಿದ್ದಿರುತ್ತೆ. ಅವನು ಅದನ್ನು ನೋಡಿದ್ದಾನೆ, ಕದ್ದಿದ್ದಾನೆ ಅಂತ ನಾನು ಹೇಳುತ್ತಿಲ್ಲ. ಆದರೆ ಬಾಗಿಲು ತೆಗೆದೇ ಇತ್ತು.

ಅವನ ಅಂಗಡಿಗೆ ಹೋಗಿ ಕೇಳಿದೆ. ಗಾಬರಿ ಆಗ್ತಾನೆ ಅಂದುಕೊಂಡಿದ್ದೆ, ಇಲ್ಲ. ಆರಾಮಾಗಿ ಕೂತು, "ಸರ್, ಜಿಪಿಎಲ್ ಓದ್ರಿ, ಲಿನಕ್ಸ್ ಮಾರಬಹುದು ಅಂತ ಅದರಾಗ ಐತಿ" ಅಂದ. ಈ ಮಾತಿಗೆ ಬಹಳ ಜನ ಸುಮ್ನೆ ಆಗಿಬಿಡ್ತಾರೆ, ಯಾಕಂದರೆ ಅವನು ಹೇಳಿದ್ದು ಅರ್ಧ ಸರಿ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಲಿನಕ್ಸ್‌ನ ತಿರುಳಾದ ಕರ್ನಲ್ ಅನ್ನು ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೊರಗೆ ತಂದರು. ಅದು ಇರೋದು ಜಿಪಿಎಲ್ ಅನ್ನುವ ಲೈಸೆನ್ಸಿನ ಕೆಳಗೆ. ಜಿಪಿಎಲ್ ಮಾರಬೇಡ ಅನ್ನುವುದಿಲ್ಲ, ಬೇಕಾದ ಬೆಲೆಗೆ ಮಾರು ಅನ್ನುತ್ತೆ. ಈ ಸ್ವತಂತ್ರ ಸಾಫ್ಟ್‌ವೇರ್ ಚಳವಳಿ ಶುರು ಮಾಡಿದ ರಿಚರ್ಡ್ ಸ್ಟಾಲ್‌ಮನ್ ಅವರೇ 1985ರ ಸುಮಾರಿಗೆ ತಮ್ಮ ಈಮ್ಯಾಕ್ಸ್ ಸಾಫ್ಟ್‌ವೇರನ್ನು ಟೇಪಿಗೆ ಹಾಕಿ 150 ಡಾಲರ್‌ಗೆ ಕಳಿಸುತ್ತಿದ್ದರು. ನೆಟ್ ಇಲ್ಲದವರು ಟೇಪಿಗೆ ರೊಕ್ಕ ಕೊಡುತ್ತಿದ್ದರು, ನೆಟ್ ಇದ್ದವರು ಪುಕ್ಕಟೆ ಇಳಿಸಿಕೊಳ್ಳುತ್ತಿದ್ದರು. ಯಾರಿಗೂ ಸುಳ್ಳು ಹೇಳಿರಲಿಲ್ಲ.

ಆದರೆ ಅದೇ ಜಿಪಿಎಲ್ ಇನ್ನೊಂದು ಮಾತೂ ಹೇಳುತ್ತೆ, ಅಂಗಡಿಯವನು ಬಿಟ್ಟದ್ದು ಅದನ್ನೇ. ಒಮ್ಮೆ ನನ್ನ ಕೈಗೆ ಬಂದ ಮೇಲೆ ಅದನ್ನು ಬಳಸುವ, ಕಾಪಿ ಮಾಡುವ, ತಿದ್ದುವ, ಹಂಚುವ ಹಕ್ಕು ನನಗೂ ಅಷ್ಟೇ ಇದೆ. ಮಾರಿದವನು ಅದರ ಮೇಲೆ ಹೊಸ ನಿರ್ಬಂಧ ಹಾಕುವಂತಿಲ್ಲ. ಸೋರ್ಸ್ ಕೋಡ್, ಅಂದರೆ ಸಾಫ್ಟ್‌ವೇರ್ ಬರೆದ ಮೂಲ ಸಾಲುಗಳು, ಎಲ್ಲಿ ಸಿಗುತ್ತೆ ಅಂತಲೂ ಹೇಳಬೇಕು. ಹಾಗಿದ್ದ ಮೇಲೆ ನಾಲ್ಕು ಕಂಪ್ಯೂಟರ್‌ಗೆ ನಾಲ್ಕು ಲೈಸೆನ್ಸ್ ಅನ್ನುವ ಲೆಕ್ಕ ಎಲ್ಲಿಂದ ಬಂತು? ಒಂದು ಪೆನ್‌ಡ್ರೈವ್‌ನಿಂದ ನಾಲ್ಕಕ್ಕಲ್ಲ, ಇಡೀ ಊರಿನ ಕಂಪ್ಯೂಟರ್‌ಗಳಿಗೆ ಹಾಕಿದರೂ ಯಾರೂ ಕೇಳೋರಿಲ್ಲ.

ರೊಕ್ಕ ಕೊಟ್ಟು ಲಿನಕ್ಸ್ ತಗೊಳ್ಳೋರು ಇಲ್ಲವೇ ಇಲ್ಲ ಅಂತಲ್ಲ. ರೆಡ್ ಹ್ಯಾಟ್ ನಡೆಯೋದೇ ಅದರ ಮೇಲೆ, ಆ ಕಂಪನಿಯನ್ನು ಐಬಿಎಂ 2019ರಲ್ಲಿ ಸುಮಾರು 34 ಬಿಲಿಯನ್ ಡಾಲರ್‌ಗೆ ಕೊಂಡಿತು. ಬ್ಯಾಂಕು, ದೊಡ್ಡ ಕಂಪನಿಗಳು ಅವರಿಗೆ ಕೊಡೋದು ಸಪೋರ್ಟಿಗೆ, ಅಂದರೆ ಸರ್ವರ್ ಕೆಟ್ಟರೆ ಸರಿ ಮಾಡಲು ಮತ್ತು ವರ್ಷಗಟ್ಟಲೆ ಸರಿಯಾಗಿ ಬರುವ ಅಪ್‌ಡೇಟಿಗೆ. ಉಬುಂಟುಗೂ ಪ್ರೊ ಅಂತ ಒಂದಿದೆ, ಅದು ಸ್ವಂತ ಬಳಕೆಗೆ 5 ಕಂಪ್ಯೂಟರ್‌ವರೆಗೆ ಪುಕ್ಕಟೆ. ಝೋರಿನ್ ಅನ್ನೋ ಇನ್ನೊಂದು ಲಿನಕ್ಸ್‌ಗೆ ಒಂದು ಪುಕ್ಕಟೆ ಆವೃತ್ತಿ, ಒಂದು ರೊಕ್ಕದ ಪ್ರೊ ಆವೃತ್ತಿ. ಎಲಿಮೆಂಟರಿ ಅನ್ನೋ ಮತ್ತೊಂದು ಲಿನಕ್ಸ್‌ನ ಸೈಟಿನಲ್ಲಿ ಎಷ್ಟು ಕೊಡ್ತೀರಿ ಅಂತ ಕೇಳುತ್ತೆ, ಸೊನ್ನೆ ಹಾಕಿದರೂ ಇಳಿಸಿಕೊಳ್ಳಬಹುದು. ಇವರೆಲ್ಲ ಏನಕ್ಕೆ ರೊಕ್ಕ ಅಂತ ಮೊದಲೇ ಹೇಳ್ತಾರೆ. ನಮ್ಮ ಅಂಗಡಿಯವನು ಹೇಳಲಿಲ್ಲ, ಗಲಾಟೆ ಇರೋದು ಅಲ್ಲೇ.

ಕೆಲಸಕ್ಕೆ ಕೂಲಿ ಕೊಡಬೇಡಿ ಅಂತಲೂ ನಾನು ಹೇಳೋದಿಲ್ಲ. ಮಿಂಟ್ ಫೈಲ್ ಹತ್ತಿರ ಹತ್ತಿರ 3 ಜಿಬಿ ಇರುತ್ತೆ. ದಿನಕ್ಕೆ ಒಂದೂವರೆ ಜಿಬಿ ಮೊಬೈಲ್ ಡೇಟಾದ ಮೇಲೆ ಬದುಕುವವರಿಗೆ ಅದು ಎರಡು ದಿನದ ಡೇಟಾ, ನಡುವೆ ಕರೆಂಟ್ ಹೋದರೆ ಮುಗೀತು. ಹಿಂದೆ 2011ರವರೆಗೆ ಉಬುಂಟುವಿನವರೇ ಸಿಡಿಯನ್ನು ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು, ಈಗ ಅದಿಲ್ಲ. ಹಾಗಾಗಿ ಯಾರಾದರೂ ಇಳಿಸಿ, ಹಾಕಿ, ಪ್ರಿಂಟರ್ ಹೊಂದಿಸಿ, ಕನ್ನಡ ಟೈಪಿಂಗ್ ತೋರಿಸಿಕೊಟ್ಟರೆ ಒಂದು ಮಷಿನ್‌ಗೆ ಮುನ್ನೂರೋ ಐನೂರೋ ಕೊಡಿ, ಅದು ಅವರ ದುಡಿಮೆ. ಬಿಲ್ಲಿನಲ್ಲಿ ಮಾತ್ರ 'ಇನ್‌ಸ್ಟಾಲೇಶನ್ ಚಾರ್ಜ್' ಅಂತ ಬರೆಸಿ. ಲೈಸೆನ್ಸ್ ಅಂತ ಬರೆದರೆ ಎದ್ದು ಬನ್ನಿ.

ಕೊನೆಗೆ ನಾವು ಮಾಡಿದ್ದು ಇಷ್ಟು. ಮೊದಲು ನೆಟ್ ಕೇಬಲ್ ಕಿತ್ತೆವು. ಪೆನ್‌ಡ್ರೈವ್‌ನಿಂದಲೇ ಓಡುವ ಹೊಸ ಮಿಂಟ್ ಹಚ್ಚಿ, ಬೇಕಾದ ಫೈಲ್‌ಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ತೆಗೆದುಕೊಂಡು, ಪೂರ್ತಿ ಅಳಿಸಿ ಹೊಸದಾಗಿ ಹಾಕಿದೆವು. ಅವನು ಹಾಕಿದ್ದನ್ನೇ ರಿಪೇರಿ ಮಾಡಿಕೊಂಡು ಬಳಸೋಣ ಅಂತ ಕಾಕಾ ಅಂದರು, ನಾನು ಒಪ್ಪಲಿಲ್ಲ. ಒಳಗೆ ಇನ್ನೇನು ಇಟ್ಟಿದ್ದಾನೋ ಯಾರಿಗೆ ಗೊತ್ತು. ಆಮೇಲೆ ಆ ಮಷಿನ್‌ಗಳಲ್ಲಿ ಬಳಸಿದ ಮೇಲ್, ಪೋರ್ಟಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಫೋನಿನಿಂದ ಬದಲಿಸಿದೆವು. ಮೂರು ಕಂಪ್ಯೂಟರ್ ಮಿಂಟ್ 22ರಲ್ಲಿ ಓಡ್ತಾ ಇವೆ. ನಾಲ್ಕನೆಯದಕ್ಕೆ ಮತ್ತೆ ವಿಂಡೋಸೇ ಹಾಕಬೇಕಾಯ್ತು, ಯಾಕಂದರೆ ಆ ಪ್ರಿಂಟರ್ ಲಿನಕ್ಸಿಗೆ ಜಗ್ಗೋದಿಲ್ಲ, ಮತ್ತೆ ಹಳೆಯ ನುಡಿ ಫಾಂಟಿನಲ್ಲಿ ಮಾಡಿಟ್ಟ ಅರ್ಜಿ ನಮೂನೆಗಳು ಲಿನಕ್ಸಿನಲ್ಲಿ ವರ್ಡ್ ಬದಲಿಗೆ ಬಳಸುವ ಲಿಬ್ರೆಆಫೀಸಿನಲ್ಲಿ ಕಲಸುಮೇಲೋಗರ ಆಗಿ ಕಾಣುತ್ತವೆ. ಆ ಮಷಿನ್ ಪ್ರಿಂಟಿಗೆ ಮಾತ್ರ, ಅದಕ್ಕೆ ನೆಟ್ ಕೊಟ್ಟಿಲ್ಲ. ಲಿನಕ್ಸ್ ಹಾಕಿಸುವ ಮುಂಚೆ ನಿಮ್ಮ ಪ್ರಿಂಟರ್, ಸ್ಕ್ಯಾನರ್, ಹೆಬ್ಬೆಟ್ಟಿನ ಮಷಿನ್ ಅದರಲ್ಲಿ ಓಡುತ್ತಾ ಅಂತ ಪೆನ್‌ಡ್ರೈವ್‌ನಿಂದಲೇ ಹಚ್ಚಿ ನೋಡಿ. ಏನನ್ನೂ ಅಳಿಸದೆ ಹೀಗೆ ನೋಡಬಹುದು ಅನ್ನೋದನ್ನು ಅಂಗಡಿಯವರು ಹೇಳೋದೇ ಇಲ್ಲ.

ನೀವೇ ಇಳಿಸಿಕೊಳ್ಳೋದಾದರೆ ಗೂಗಲ್‌ನಲ್ಲಿ ಮೇಲೆ ಬರುವ ಜಾಹೀರಾತು ಒತ್ತಬೇಡಿ. ಲಿನಕ್ಸ್‌ಮಿಂಟ್ ಡಾಟ್ ಕಾಮ್, ಉಬುಂಟು ಡಾಟ್ ಕಾಮ್, ಡೆಬಿಯನ್ ಡಾಟ್ ಆರ್ಗ್ ಅಂತ ನೇರವಾಗಿ ಟೈಪ್ ಮಾಡಿ. ಮಿಂಟ್ ಅಥವಾ ಡೆಬಿಯನ್ ಇಳಿಸುವ ಮುಂಚೆ ಕಾರ್ಡ್ ನಂಬರ್ ಕಡ್ಡಾಯವಾಗಿ ಕೇಳಿದರೆ ಅದು ಬೇರೆಯವರ ಸೈಟು. ದೇಣಿಗೆ ಕೊಡ್ತೀರಾ ಅಂತ ಕೇಳಬಹುದು, ಅದು ನಿಮ್ಮಿಷ್ಟ. ಇಳಿಸಿದ ಮೇಲೆ ಚೆಕ್‌ಸಮ್ ಹೋಲಿಸಿ ನೋಡೋದು ಒಳ್ಳೆಯದು. ಅದು ಫೈಲಿಗೆ ಹೊಂದುವ ಒಂದು ಉದ್ದನೆಯ ಅಕ್ಷರ-ಅಂಕಿಗಳ ಸಾಲು, ಸೈಟಿನಲ್ಲಿ ಕೊಟ್ಟಿದ್ದೂ ನಿಮ್ಮ ಕಂಪ್ಯೂಟರ್ ತೋರಿಸಿದ್ದೂ ಒಂದೇ ಇರಬೇಕು. ಬರೀ ಶಾಸ್ತ್ರಕ್ಕಲ್ಲ ಇದು. 2016ರ ಫೆಬ್ರುವರಿಯಲ್ಲಿ ಮಿಂಟ್ ಸೈಟನ್ನೇ ಹ್ಯಾಕ್ ಮಾಡಿ, ಡೌನ್‌ಲೋಡ್ ಕೊಂಡಿಯನ್ನು ಕಳ್ಳಬಾಗಿಲು ಇಟ್ಟ ಬೇರೆ ಫೈಲಿಗೆ ತಿರುಗಿಸಿದ್ದರು. ಮಿಂಟ್‌ನವರೇ ಅದನ್ನು ಒಪ್ಪಿಕೊಂಡು, ಸರಿಯಾದ ಚೆಕ್‌ಸಮ್ ಹಾಕಿ ಹೋಲಿಸಿ ನೋಡಿ ಅಂತ ಹೇಳಿದರು.

ಅಂಗಡಿಯವನು ಅರ್ಧ ರೊಕ್ಕ ವಾಪಸ್ ಕೊಡ್ತೀನಿ ಅಂದಿದ್ದಾನೆ, ಇನ್ನೂ ಕೊಟ್ಟಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇವೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀವಿ, 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. ನಿಮ್ಮ ಅಂಗಡಿಯಲ್ಲೂ ಇಂಥ ಕೆಂಪು ಪೆಟ್ಟಿಗೆ ಬರ್ತಾ ಇದ್ದರೆ ಅಳಿಸುವ ಮುಂಚೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಕೈಬರಹದ ಬಿಲ್ಲು, ಫೋನ್‌ಪೇಯಲ್ಲಿ ಹಾಕಿದ ರೊಕ್ಕದ ಸ್ಕ್ರೀನ್‌ಶಾಟ್, ರಿನ್ಯೂವಲ್‌ಗೆ ಅಂತ ಬಂದ ವಾಟ್ಸಾಪ್ ಮೆಸೇಜ್ ಯಾವುದನ್ನೂ ಬಿಸಾಡಬೇಡಿ, ದೂರು ಕೊಡುವಾಗ ಕೇಳೋದು ಅವನ್ನೇ.