ಕನ್ನಡ ಅಚ್ಚಿಗೆ ಡಾಟ್ ಮ್ಯಾಟ್ರಿಕ್ಸೋ, ಲೇಸರೋ?

ಪಿನ್ನುಗಳಿಂದ ರಿಬ್ಬನ್ನನ್ನು ಗುದ್ದಿ ಚುಕ್ಕಿಗಳಲ್ಲಿ ಅಚ್ಚು ಮೂಡಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಸೆಕೆಂಡಿಗೆ 300 ಅಕ್ಷರದ ವೇಗ ಎಂದು ಹೇಳಿದ್ದರೆ ಆ ಲೆಕ್ಕ ಇಂಗ್ಲಿಷಿಗೆ ಮಾತ್ರ. ಪ್ರಿಂಟರಿನೊಳಗೆ ಇಂಗ್ಲಿಷ್ ಅಕ್ಷರಗಳು ಮೊದಲೇ ಕೂತಿರುತ್ತವೆ, ಅಕ್ಷರಕ್ಕೊಂದು ಬೈಟ್ ಕಳಿಸಿದರೆ ಸಾಕು. 'ನುಡಿ' ತಂತ್ರಾಂಶದಲ್ಲೋ ಯೂನಿಕೋಡಿನಲ್ಲೋ ಟೈಪಿಸಿದ ಕನ್ನಡವನ್ನು ವಿಂಡೋಸ್ ಚುಕ್ಕಿ ಚುಕ್ಕಿಯಾಗಿ ಬಿಡಿಸಿ ಚಿತ್ರವಾಗಿ ಕಳಿಸುತ್ತದೆ. ಹಾಗಾಗಿ ನಮಗೆ ಸಾದಾ ರಸೀದಿಯೂ ಗ್ರಾಫಿಕ್ಸೇ.

'ರಾಷ್ಟ್ರ' ಎಂಬ ಪದವನ್ನು 12 ಪಾಯಿಂಟಿನಲ್ಲಿ 9 ಪಿನ್, 24 ಪಿನ್, ಲೇಸರ್ ಮೂರರಲ್ಲೂ ತೆಗೆದು ಪಕ್ಕಪಕ್ಕ ಇಡಿ. 9 ಪಿನ್ ಹೆಡ್ಡಿನಲ್ಲಿ (ಪಿನ್ನುಗಳನ್ನು ಹೊತ್ತು ಅಡ್ಡಡ್ಡ ಓಡುವ ಭಾಗ) ಪಿನ್ನಿಗೂ ಪಿನ್ನಿಗೂ 1/72 ಇಂಚು ಅಂತರ, ಅಂದರೆ ಸರಿಯಾಗಿ ಒಂದು ಪಾಯಿಂಟ್. ಪದದ ಇಡೀ ಎತ್ತರಕ್ಕೆ ಸಿಗುವುದು 12 ಚುಕ್ಕಿ. ಅಷ್ಟರಲ್ಲೇ ತಲೆಕಟ್ಟು, ಷಕಾರದ ಮೈ, ಕೆಳಗೆ ಎರಡು ಒತ್ತು ಹಿಡಿಸಬೇಕು. ಟ ಒತ್ತಿನ ಹೊಟ್ಟೆ ಮುಚ್ಚಿಹೋಗಿ ಕಪ್ಪು ಬೊಟ್ಟಾಗುತ್ತದೆ. ಡ್ರೈವರಿನಲ್ಲಿ 240×144 (ಇಂಚಿಗೆ ಅಡ್ಡಕ್ಕೆ 240, ಎತ್ತರಕ್ಕೆ 144 ಚುಕ್ಕಿ) ಆರಿಸಿದರೆ ಕಾಗದ ಅರ್ಧ ಚುಕ್ಕಿಯಷ್ಟು ಸರಿದು ಹೆಡ್ ಮತ್ತೊಮ್ಮೆ ಓಡುತ್ತದೆ, 24 ಚುಕ್ಕಿ ಸಿಗುತ್ತದೆ. ಓದಬಹುದು, ಅಂಚು ಗರಗಸದಂತಿರುತ್ತದೆ. 24 ಪಿನ್ನಿನಲ್ಲಿ 180 ಡಿಪಿಐಗೆ (ಡಿಪಿಐ ಎಂದರೆ ಇಂಚಿಗೆ ಎಷ್ಟು ಚುಕ್ಕಿ) 30 ಚುಕ್ಕಿ, 360ಕ್ಕೆ 60. ಒತ್ತಕ್ಷರ ಬಿಡಿಬಿಡಿಯಾಗಿ ಕಾಣಲು ಶುರುವಾಗುವುದು ಇಲ್ಲಿಂದ. 600 ಡಿಪಿಐ ಲೇಸರಿನಲ್ಲಿ 100 ಚುಕ್ಕಿ. 8 ಪಾಯಿಂಟಿಗೆ ಇಳಿಸಿದರೂ ಅಕ್ಷರ ಕೆಡುವುದಿಲ್ಲ.

ವೇಗಕ್ಕೆ ಹೆಡ್ಡಿನ ಓಟಗಳನ್ನು ಎಣಿಸಬೇಕು. ಗ್ರಾಫಿಕ್ಸಿನಲ್ಲಿ 9ರ ಪೈಕಿ ಸಾಮಾನ್ಯವಾಗಿ 8 ಪಿನ್ನಷ್ಟೇ ಕೆಲಸ ಮಾಡುತ್ತವೆ, ಒಂದು ಓಟಕ್ಕೆ 1/9 ಇಂಚು. ಎ4 ಹಾಳೆಯ 10.5 ಇಂಚು ತುಂಬಲು ಸುಮಾರು 95 ಓಟ. 144 ಡಿಪಿಐಗೆ 190. 24 ಪಿನ್ನಿನಲ್ಲಿ 180 ಡಿಪಿಐಗೆ 79 ಓಟ, 360ಕ್ಕೆ 158 ಅಥವಾ ಇನ್ನೂ ಹೆಚ್ಚು. ಲೇಸರಿಗೆ ಹಾಳೆಯ ಮೇಲೆ ಎಷ್ಟು ಕಪ್ಪಿದೆ ಎಂಬುದು ಲೆಕ್ಕಕ್ಕಿಲ್ಲ. ಫ್ಯೂಸರ್ (ಪುಡಿ ಶಾಯಿಯನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಭಾಗ) ಬಿಸಿಯಾಗುವವರೆಗೆ ಮೊದಲ ಪುಟ ತಡ, ಆಮೇಲೆ ಒಂದೇ ಸಮ. ಆದರೆ ಅದು ಪುಟವನ್ನು ನಡುವೆ ನಿಲ್ಲಿಸಲಾರದು, ಆದ್ದರಿಂದ ಮೆಮೊರಿ ಬೇಕು. 300 ಡಿಪಿಐಯ ಪೂರ್ತಿ ಪುಟಕ್ಕೆ ಸುಮಾರು 1 ಎಂಬಿ ಬೇಕು. 1984ರ ಮೊದಲ ಎಚ್‌ಪಿ ಲೇಸರ್‌ಜೆಟ್‌ನಲ್ಲಿ ಇದ್ದದ್ದು 128 ಕೆಬಿ. ಪುಟ ತುಂಬ ಚಿತ್ರ ಬೇಕೆಂದರೆ 75 ಡಿಪಿಐಗೆ ಇಳಿಯಬೇಕಿತ್ತು.

ಡಾಟ್ ಮ್ಯಾಟ್ರಿಕ್ಸಿನಲ್ಲಿ ಟೇಬಲ್ಲಿನ ನಿಂತ ಗೆರೆ ಅಂಕುಡೊಂಕಾದರೆ ಹೆಡ್ ಹೋಗುವಾಗಿನ ಹೊಡೆತವೂ ಬರುವಾಗಿನದೂ ಕೂಡುತ್ತಿಲ್ಲ ಎಂದರ್ಥ. ಒಂದೇ ದಿಕ್ಕಿನ ಪ್ರಿಂಟಿಂಗ್ ಆರಿಸಿ. ಗೆರೆ ನೆಟ್ಟಗಾಗುತ್ತದೆ, ಸಮಯ ಹೆಚ್ಚುತ್ತದೆ. ಪ್ರತಿ ಓಟದಲ್ಲೂ ಅದೇ ಜಾಗದಲ್ಲಿ ಸಣ್ಣ ಬಿಳಿ ಗೆರೆ ಬಂದರೆ ಒಂದು ಪಿನ್ ಮುರಿದಿದೆ, ಇಲ್ಲವೇ ಸಿಕ್ಕಿಕೊಂಡಿದೆ. ಗಾಢ ಕಪ್ಪಿನ ಲೋಗೊ ಬೇಡವೇ ಬೇಡ: ಹೆಡ್ ಕಾದು ಪ್ರಿಂಟರ್ ತಾನೇ ನಿಧಾನವಾಗುತ್ತದೆ, ರಿಬ್ಬನ್ ಬೇಗ ಸವೆಯುತ್ತದೆ. ಲೇಸರಿನಲ್ಲಿ ಕಲೆ ಸುಮಾರು 75 ಮಿಮೀಗೊಮ್ಮೆ ಮರುಕಳಿಸಿದರೆ ಸಣ್ಣ ಕಾರ್ಟ್ರಿಡ್ಜುಗಳಲ್ಲಿ ಸಾಮಾನ್ಯವಾಗಿ ಡ್ರಮ್ಮಿಗೆ (ಪುಟದ ಚಿತ್ರ ಮೂಡುವ ಉರುಳೆ) ಗೀರು ಬಿದ್ದಿರುತ್ತದೆ. ಫ್ಯೂಸರ್ ಕಾಯುವಾಗ ನೂರಾರು ವ್ಯಾಟ್ ಎಳೆಯುವುದರಿಂದ 600 ವಿಎ ಯುಪಿಎಸ್‌ಗೆ ಲೇಸರನ್ನು ಸಿಕ್ಕಿಸಬೇಡಿ.

ಇಷ್ಟಾದರೂ ಮೂರು ಪ್ರತಿಯ ಬಿಲ್ಲು ಒಂದೇ ಹೊಡೆತಕ್ಕೆ ಬೇಕಾದರೆ ಪಿನ್ನೇ ಬೇಕು. ಲೇಸರ್ ಕಾಗದವನ್ನು ಗುದ್ದುವುದೇ ಇಲ್ಲ. ಅಂಥ ಕಡೆ ನಮ್ಮ ಆಯ್ಕೆ ಇದು: ಅಂಗಡಿಯ ಹೆಸರು, ಕಾಲಂ ತಲೆಬರಹಗಳನ್ನು ಕನ್ನಡದಲ್ಲಿ ಮೊದಲೇ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ, ಅಂಕಿ, ದಿನಾಂಕ, ಮೊತ್ತವನ್ನು ಮಾತ್ರ ಟೆಕ್ಸ್ಟ್ ಮೋಡಿನಲ್ಲಿ (ಪ್ರಿಂಟರಿನೊಳಗಿನ ಅಕ್ಷರಗಳಲ್ಲೇ) ಹೊಡೆಸಿ. ಗಿರಾಕಿಯ ಹೆಸರೂ ಕನ್ನಡದಲ್ಲೇ ಬರಬೇಕಾದರೆ 24 ಪಿನ್, 180 ಡಿಪಿಐ, 14 ಪಾಯಿಂಟಿನ ದಪ್ಪ ಫಾಂಟ್. ಹೆಡ್ ಗ್ಯಾಪ್ ಲಿವರನ್ನು ಪ್ರತಿಗಳ ದಪ್ಪಕ್ಕೆ ತಕ್ಕಂತೆ ಸರಿಸಿ, ಕೊನೆಯ ಪ್ರತಿಯಲ್ಲಿ ಒತ್ತಕ್ಷರ ಮೂಡಿದೆಯೇ ನೋಡಿ.