ಕ್ರೈಸ್ತ ಕಾಲೇಜಿನ ಎಲೆಕ್ಟ್ರಿಕಲ್ ಓದು: ಅಕ್ಕಿ ಗಿರಣಿಯ ಕೆಲಸದಲ್ಲಿ ನಿಂತದ್ದೆಷ್ಟು?

ಸಿಇಟಿ ಆಯ್ಕೆಗಳನ್ನು ತುಂಬುವ ಸಮಯ ಬಂತೆಂದರೆ ದಾವಣಗೆರೆಯ ಪರಿಚಿತರು ನನ್ನನ್ನು ಕೇಳುವುದು ಒಂದೇ: ಮಂಗಳೂರು ಕಡೆಯ ಕ್ರೈಸ್ತ ಕಾಲೇಜಿಗೆ ಮಕ್ಕಳನ್ನು ಎಲೆಕ್ಟ್ರಿಕಲ್ ಓದಲು ಕಳುಹಿಸಬಹುದೇ? 1951ರಿಂದ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು ಊರಲ್ಲೇ ಇರುವಾಗ ಅಷ್ಟು ದೂರ ಏಕೆ ಎಂಬ ಮಾತೂ ಹಿಂದೆಯೇ ಬರುತ್ತದೆ. ಅಂಥ ಒಂದು ಕಾಲೇಜಿನಲ್ಲಿ ಬಿ.ಇ. ಮುಗಿಸಿದ ನಾನು ಹಲವು ವರ್ಷಗಳಿಂದ ಇಲ್ಲಿನ ಅಕ್ಕಿ ಗಿರಣಿಗಳ ಮೋಟಾರು, ಪ್ಯಾನೆಲ್‌ಗಳ ನಿರ್ವಹಣೆ ನೋಡಿಕೊಳ್ಳುತ್ತಿದ್ದೇನೆ. ಆ ಓದನ್ನು ಅಳೆಯಲು ಇಷ್ಟು ಕಾಲ ಸಾಕು.

ಹೆತ್ತವರು ದನಿ ತಗ್ಗಿಸಿ ಕೇಳುವ ವಿಷಯಕ್ಕೆ ಮೊದಲು ಉತ್ತರಿಸುತ್ತೇನೆ. ಬೆಳಿಗ್ಗೆ ಧ್ವನಿವರ್ಧಕದಲ್ಲಿ ಚಿಕ್ಕ ಪ್ರಾರ್ಥನೆ ಇರುತ್ತಿತ್ತು, ಎಲ್ಲರೂ ಎದ್ದು ನಿಲ್ಲುತ್ತಿದ್ದೆವು. ಭಾನುವಾರದ ಪೂಜೆಗೆ ಕ್ರೈಸ್ತ ಸಹಪಾಠಿಗಳು ಹೋಗುತ್ತಿದ್ದರು, ನಮ್ಮನ್ನು ಯಾರೂ ಕರೆಯಲಿಲ್ಲ. ಸರ್ಕಾರದ ಮಾನ್ಯತೆ ಪಡೆದ ವಿದ್ಯಾಸಂಸ್ಥೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಹಾಜರಾಗುವಂತೆ ಮಾಡುವಂತಿಲ್ಲ ಎಂದು ಸಂವಿಧಾನದ 28(3)ನೇ ವಿಧಿಯೇ ಹೇಳುತ್ತದೆ. ನಾನು ವಿಭೂತಿ ಹಚ್ಚಿಕೊಂಡೇ ತರಗತಿಗೆ ಹೋಗುತ್ತಿದ್ದೆ. ಹಾಸ್ಟೆಲಿನಲ್ಲಿ ಸಸ್ಯಾಹಾರ ಸಿಗುತ್ತಿತ್ತು. ಕುಚಲಕ್ಕಿ ಅನ್ನಕ್ಕೆ ಒಗ್ಗಿಕೊಳ್ಳುವುದು ಮಾತ್ರ ರೊಟ್ಟಿ ತಿಂದು ಬೆಳೆದವರಿಗೆ ಕಷ್ಟ.

ಆ ಕಾಲೇಜಿನ ನಿಜವಾದ ಬೆಲೆ ಇದ್ದದ್ದು ಮಷೀನ್ಸ್ ಲ್ಯಾಬಿನಲ್ಲಿ. ವೈರಿಂಗ್ ಅನ್ನು ನಾವೇ ಮಾಡಬೇಕಿತ್ತು. ಮೇಷ್ಟರು ಒಂದೊಂದೇ ಜೋಡಣೆ ನೋಡಿ ಸಹಿ ಹಾಕುವವರೆಗೆ ಸ್ವಿಚ್ ಮುಟ್ಟುವಂತಿರಲಿಲ್ಲ. ಡಿಸಿ ಶಂಟ್ ಮೋಟಾರಿನಲ್ಲಿ ಕಾಂತಕ್ಷೇತ್ರ ಹುಟ್ಟಿಸುವ ಫೀಲ್ಡ್ ಸುರುಳಿಯ ವೈರು ಕಡಿದುಹೋದರೆ ವೇಗ ಅಪಾಯದ ಮಟ್ಟಕ್ಕೆ ಏರುತ್ತದೆ ಎಂಬುದು ಪುಸ್ತಕದಲ್ಲಿ ಒಂದು ಸಾಲು. ನಮಗೆ ಅದನ್ನು ಕಲಿಸಿದ್ದು ಆ ಮೋಟಾರನ್ನು ಚಾಲೂ ಮಾಡುವ ತ್ರೀ ಪಾಯಿಂಟ್ ಸ್ಟಾರ್ಟರನ್ನು ಬಿಚ್ಚಿಟ್ಟು: ಹಿಡಿಕೆಯನ್ನು ಹಿಡಿದಿಡುವ ಸುರುಳಿ ಫೀಲ್ಡ್‌ನೊಂದಿಗೇ ಸರಣಿಯಲ್ಲಿದೆ, ಫೀಲ್ಡ್ ಕಡಿದರೆ ಸುರುಳಿಯ ಕಾಂತಶಕ್ತಿ ಹೋಗುತ್ತದೆ, ಸ್ಪ್ರಿಂಗ್ ಹಿಡಿಕೆಯನ್ನು ಹಿಂದಕ್ಕೆ ಎಳೆಯುತ್ತದೆ, ಮೋಟಾರು ನಿಲ್ಲುತ್ತದೆ. ಯಾವ ಭಾಗ ಏಕೆ ಅಲ್ಲೇ ಇದೆ ಎಂದು ಕೇಳುವ ಅಭ್ಯಾಸ ನನಗೆ ಅಲ್ಲಿಂದ ಬಂತು.

ಗಿರಣಿಯಲ್ಲಿ ಅದು ದಿನವೂ ಕೆಲಸಕ್ಕೆ ಬರುತ್ತದೆ. ಪ್ಯಾನೆಲ್‌ನ ಅಮ್ಮೀಟರ್ ಬದಲಿಸುವಾಗ, ದೊಡ್ಡ ಕರೆಂಟನ್ನು ಮೀಟರಿಗೆ ತಕ್ಕಷ್ಟು ಇಳಿಸಿ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರಿನ (ಸಿ.ಟಿ.) ಸೆಕೆಂಡರಿ ತುದಿಗಳನ್ನು ಮೊದಲು ಒಂದಕ್ಕೊಂದು ಜೋಡಿಸಿ ಶಾರ್ಟ್ ಮಾಡಬೇಕು. ಲೋಡ್ ಇರುವಾಗ ಅವು ತೆರೆದುಕೊಂಡರೆ ಅಲ್ಲಿ ಹುಟ್ಟುವ ವೋಲ್ಟೇಜ್ ಮನುಷ್ಯನನ್ನು ಕೊಲ್ಲಬಲ್ಲದು. ಮೂರು ಫೇಸ್‌ಗಳಲ್ಲಿ ಒಂದು ಹೋಗಿ ಮೋಟಾರು ತಿರುಗದೆ ಗುಂಯ್‌ಗುಡುತ್ತಿದ್ದರೆ ಮತ್ತೆ ಮತ್ತೆ ಸ್ಟಾರ್ಟ್ ಒತ್ತಬೇಡಿ ಎಂದು ಕೆಲಸಗಾರರಿಗೆ ಹೇಳುತ್ತೇನೆ. ಏಕೆ ಎಂಬುದನ್ನೂ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿದವರು ಮಾತ್ರ ಆ ಮಾತನ್ನು ಪಾಲಿಸುತ್ತಾರೆ. ಹಾಗೆ ಒತ್ತಿದರೆ ಮಿತಿಮೀರಿದ ಕರೆಂಟು ಹರಿದು ಮೋಟಾರಿನ ಒಳಗಿನ ತಂತಿಸುರುಳಿ, ಅಂದರೆ ವೈಂಡಿಂಗ್, ಸುಡುತ್ತದೆ. ವೈಂಡಿಂಗ್ ಸುಟ್ಟರೆ ಭತ್ತದ ಸುಗ್ಗಿಯಲ್ಲಿ ಇಡೀ ಗಿರಣಿ ನಿಲ್ಲುತ್ತದೆ.

ಕೊರತೆಗಳೂ ದೊಡ್ಡವೇ. ಮೋಟಾರಿನ ವೇಗ ಹೊಂದಿಸುವ ವಿಎಫ್‌ಡಿ, ಯಂತ್ರಗಳನ್ನು ತಾನಾಗಿ ನಡೆಸುವ ಪುಟ್ಟ ಕಂಪ್ಯೂಟರಿನಂಥ ಪಿಎಲ್‌ಸಿಗಳನ್ನು ನಾನು ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ. ಪವರ್ ಎಲೆಕ್ಟ್ರಾನಿಕ್ಸ್ ಅನ್ನು ಪರೀಕ್ಷೆಗೆ ಬೇಕಾದಷ್ಟೇ ಓದಿಸಿ ಮುಗಿಸಿದರು. ಪಡೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ನಿಜಕ್ಕೂ ಕೆಲಸಕ್ಕೆ ಬರುತ್ತದೆ ಎಂದು ತೋರಿಸುವ ಪವರ್ ಫ್ಯಾಕ್ಟರಿನ ಲೆಕ್ಕ ಬಿಡಿಸಿದ್ದೆವು, ಅದು ಕುಸಿದಾಗ ಗ್ರಾಹಕರ ವಿದ್ಯುತ್ ಬಿಲ್ಲಿಗೆ ಏನಾಗುತ್ತದೆ ಎಂದು ಒಂದು ಬಿಲ್ಲನ್ನಾದರೂ ತೋರಿಸಬಹುದಿತ್ತು. ಇಂದು ಅದನ್ನು ಮೇಲೆತ್ತುವ ಕೆಪಾಸಿಟರ್ ಪ್ಯಾನೆಲ್ ಸರಿಪಡಿಸುವುದೇ ನನ್ನ ದುಡಿಮೆಯ ದೊಡ್ಡ ಪಾಲು! ಕ್ಯಾಂಪಸ್ ನೇಮಕಾತಿಗೆ ಬಂದವರಲ್ಲಿ ಹೆಚ್ಚಿನವರು ಸಾಫ್ಟ್‌ವೇರ್ ಕಂಪನಿಯವರು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ, ಅವುಗಳ ಬುಡಕ್ಕೆ ನಮ್ಮನ್ನು ಒಮ್ಮೆಯೂ ಕರೆದೊಯ್ಯಲಿಲ್ಲ ಎಂಬ ಸಂಕಟ ನನಗೆ ಈಗಲೂ ಇದೆ.

ಕನ್ನಡ ಮಾಧ್ಯಮದಿಂದ ಹೋದವರಿಗೆ ಮೊದಲ ಸೆಮಿಸ್ಟರ್ ಭಾರ. ಸಂಜೆ ಹಾಸ್ಟೆಲಿನ ಫಾದರ್ ಹಿರಿಯ ವಿದ್ಯಾರ್ಥಿಗಳನ್ನು ನಮ್ಮೊಡನೆ ಕೂರಿಸಿ ಪಾಠ ಹೇಳಿಸುತ್ತಿದ್ದರು. ಆ ಉಪಕಾರವನ್ನು ನಾನು ಮರೆತಿಲ್ಲ.

ಸಾಫ್ಟ್‌ವೇರ್ ಕೆಲಸವೇ ಗುರಿಯಾದರೆ ಇಷ್ಟು ಖರ್ಚು ಮಾಡಿ ಈ ಶಾಖೆಗೆ ಹೋಗುವುದು ಬೇಡ. ಯಂತ್ರಗಳ ಮೇಲೆ ಪ್ರೀತಿ ಇರುವ ಮಕ್ಕಳನ್ನು ಧೈರ್ಯವಾಗಿ ಕಳುಹಿಸಿ. ಸೀಟು ಆರಿಸುವ ಮುನ್ನ ಒಮ್ಮೆ ಕಾಲೇಜಿಗೆ ಹೋಗಿ, ಲ್ಯಾಬ್ ನಡೆಯುವ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು, ವೈರು ಜೋಡಿಸುತ್ತಿರುವವರು ವಿದ್ಯಾರ್ಥಿಗಳೋ ಸಹಾಯಕರೋ ನೋಡಿ.